ದೂರು ಎಂಬ ಮಾತು

ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ನಮ್ಮ ಕಾಲೇಜಿನಲ್ಲಿ ಕನ್ನಡ ಪಾಠ ನಡೆಯುವುದು ಲಾರಿಗಳ ಸದ್ದಿನ ನಡುವೆ. 2025ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಸಂಕ್ಷೇಪಲೇಖನದ ಅಭ್ಯಾಸಕ್ಕೆಂದು, ವೃತ್ತಪತ್ರಿಕೆಯ ಒಂದು ವಾರ್ತೆಯನ್ನು ಆರಿಸಿಕೊಂಡು ಐದು ವಾಕ್ಯಗಳಲ್ಲಿ ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಬೆಂಗಳೂರಿನ ತಂಡ ಹದಿನೆಂಟನೆಯ ಯತ್ನದಲ್ಲಿ ಐಪಿಎಲ್ ಗೆದ್ದು ತಿಂಗಳು ಕಳೆದಿತ್ತಷ್ಟೆ. ಗೆಲುವಿನ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಹನ್ನೊಂದು ಮಂದಿ ಸತ್ತ ದುಃಖ ಇನ್ನೂ ಆರಿರಲಿಲ್ಲ. ಆ ತಂಡದ ವೇಗದ ಬೌಲರ್ ಯಶ್ ದಯಾಳ್ ಅವರು ಮದುವೆಯ ಭರವಸೆಯಿತ್ತು ತನ್ನನ್ನು ಲೈಂಗಿಕವಾಗಿ ಶೋಷಿಸಿದರೆಂದು ಗಾಜಿಯಾಬಾದಿನಲ್ಲಿ ಯುವತಿಯೊಬ್ಬಳು ದೂರು ಕೊಟ್ಟಿದ್ದಳು. ತರಗತಿಯ ಮುಕ್ಕಾಲು ಪಾಲು ಆರಿಸಿಕೊಂಡದ್ದು ಈ ವಾರ್ತೆಯನ್ನೇ.

ಒಬ್ಬನ ಐದು ವಾಕ್ಯಗಳಲ್ಲಿ ಮೂರು ಬೌಲಿಂಗಿನ ಬಣ್ಣನೆಗೆ ಮೀಸಲಾಗಿದ್ದವು. ಇನ್ನೊಬ್ಬ, ‘ತಂಡ ಗೆದ್ದ ಮೇಲೆ ಈಕೆಗೆ ಜ್ಞಾನೋದಯವಾಯಿತೆ?’ ಎಂದು ಕೇಳಿದ್ದ. ಮೂರನೆಯವನು ‘ಕಾಮುಕನ ಮುಖವಾಡ ಕಳಚಿತು’ ಎಂದು ಒಂದೇ ಏಟಿಗೆ ತೀರ್ಪು ಬರೆದಿದ್ದ. ಇವರನ್ನು ಗದರಿಸಿ ಫಲವಿಲ್ಲ. ಈ ಮೂರು ಧಾಟಿಗಳನ್ನೂ ಅವರು ಕಲಿತದ್ದು ನಾವು ದಿನವೂ ಓದುವ, ನೋಡುವ ವಾರ್ತೆಗಳಿಂದಲೇ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬರಿಯ ಹಾಳೆ ಕೊಟ್ಟಳು. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಈಕೆ ಚುರುಕು ಬುದ್ಧಿಯವಳು. ಕಾರಣ ಕೇಳಿದೆ. “ಸಂತ್ರಸ್ತೆ ಅಂತ ಬರೆದರೆ ನಾನೇ ತೀರ್ಪು ಕೊಟ್ಟ ಹಾಗಾಗತ್ತೆ. ಸಂತ್ರಸ್ತೆ ಎನ್ನಲಾದ ಅಂತ ಬರೆದರೆ ಅವಳು ಸುಳ್ಳು ಹೇಳ್ತಾಳೆ ಅಂದ ಹಾಗಾಗತ್ತೆ. ನಡುವೆ ನಿಲ್ಲೋ ಮಾತು ಕನ್ನಡದಲ್ಲಿ ಇಲ್ವಾ ಸಾರ್?” ಎಂದಳು.

ಕನ್ನಡದ ಎಂ.ಎ. ಪದವೀಧರನಾದ ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ನಿಘಂಟು ತೆರೆದೆ. ‘ದೂರು’ ಎಂಬ ಮಾತೇ ಎರಡು ಮುಖದ್ದು: ನ್ಯಾಯ ಬೇಡುವ ಮೊರೆಯೂ ದೂರೇ, ನಿಂದೆಯೂ ದೂರೇ. ‘ಅತ್ಯಾಚಾರ’ವೆಂದರೆ ಮೂಲದಲ್ಲಿ ಆಚಾರದ ಎಲ್ಲೆ ಮೀರುವುದು, ತಪ್ಪು ಮಾಡಿದವನ ಕಡೆಗೆ ಬೆರಳು ತೋರುವ ಪದ. ಆದರೆ ನಮ್ಮ ಪತ್ರಿಕೆಗಳು ಬಹುಕಾಲ ಬಳಸಿದ ‘ಮಾನಭಂಗ’, ‘ಶೀಲಭಂಗ’ಗಳಲ್ಲಿ ಭಂಗ ಹೊಂದುವುದು ಹೆಣ್ಣಿನ ಮಾನ, ಹೆಣ್ಣಿನ ಶೀಲ, ಕಳ್ಳನ ಸುದ್ದಿಯನ್ನು ಮನೆಯೊಡೆಯನ ಅಪಕೀರ್ತಿಯಾಗಿ ಬರೆದಂತೆ! ‘ಆಕೆ ಅತ್ಯಾಚಾರಕ್ಕೊಳಗಾದಳು’ ಎಂಬ ವಾಕ್ಯದಲ್ಲಂತೂ ಮಾಡಿದವನೇ ಇಲ್ಲ. ಕರ್ತೃವಿಲ್ಲದ ಕ್ರಿಯೆಯನ್ನು ವ್ಯಾಕರಣ ಒಪ್ಪೀತು, ಪೊಲೀಸ್ ಠಾಣೆ ಒಪ್ಪದು.

ಇಷ್ಟು ಪಾಂಡಿತ್ಯ ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಹೇಳಬೇಕು. 2012ರ ಮೇ ತಿಂಗಳಲ್ಲಿ ಇದೇ ಬೆಂಗಳೂರು ತಂಡದ ಆಸ್ಟ್ರೇಲಿಯದ ಆಟಗಾರ ಲ್ಯೂಕ್ ಪೊಮರ್ಸ್‌ಬಾಕ್ ದೆಹಲಿಯ ಹೋಟೆಲೊಂದರಲ್ಲಿ ಬಂಧಿತನಾದ. ತನ್ನೊಡನೆ ಅಸಭ್ಯವಾಗಿ ವರ್ತಿಸಿದನೆಂದೂ, ತಡೆಯಬಂದ ತನ್ನ ಭಾವೀ ಪತಿಯನ್ನು ಹೊಡೆದನೆಂದೂ ಅಮೆರಿಕದ ಮಹಿಳೆಯೊಬ್ಬಳು ದೂರಿದ್ದಳು. ತಂಡದ ಒಡೆಯರ ಮಗ ಸಿದ್ಧಾರ್ಥ ಮಲ್ಯ, ಆಕೆಯ ನಡತೆ ಮದುವೆ ಗೊತ್ತಾದ ಹೆಣ್ಣಿನದಾಗಿರಲಿಲ್ಲವೆಂಬ ಅರ್ಥದ ಮಾತನ್ನು ಟ್ವಿಟರಿನಲ್ಲಿ ಬರೆದರು. ಅಂದಿನಿಂದ ವಾರ್ತೆಯ ವಿಷಯವೇ ಬದಲಾಯಿತು. ಆತ ಏನು ಮಾಡಿದ ಎಂಬ ಪ್ರಶ್ನೆ ಹಿಂದೆ ಸರಿದು, ಆಕೆ ಎಂಥವಳು ಎಂಬ ಪ್ರಶ್ನೆ ಮುಂದೆ ಬಂತು. ಕೊನೆಗೆ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಆ ಟ್ವೀಟನ್ನು ಅಧ್ಯಾಪಕರ ಕೊಠಡಿಯಲ್ಲಿ ಒಬ್ಬರು ಓದಿ ಹೇಳಿದಾಗ ನಕ್ಕವರಲ್ಲಿ ನಾನೂ ಒಬ್ಬ. ಮೂಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದ ಇಬ್ಬರು ಅಧ್ಯಾಪಕಿಯರು ತಲೆಯೆತ್ತಲಿಲ್ಲವೆಂಬುದು ಈಗ ನೆನಪಾಗುತ್ತದೆ.

ಕಾಯಿದೆ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಅತ್ಯಾಚಾರದ ದೂರು ಕೊಟ್ಟವಳ ಹೆಸರನ್ನು ಪ್ರಕಟಿಸುವುದು 1983ರಿಂದಲೇ ದಂಡಾರ್ಹ ಅಪರಾಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಹೆಸರು ಮಾತ್ರವಲ್ಲ, ಗುರುತು ಹತ್ತುವಂಥ ಯಾವ ಸಂಗತಿಯೂ ಹೊರಬರಬಾರದೆಂದು ಸರ್ವೋಚ್ಚ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ, ನಿಪುಣ್ ಸಕ್ಸೇನಾ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. ಆದರೆ ಕಾಯಿದೆ ಹೆಸರನ್ನು ಮುಚ್ಚಬಲ್ಲದು, ವಿಶೇಷಣವನ್ನು ಮುಚ್ಚಬಲ್ಲುದೆ?

ಇದರ ಎದುರು ಮಗ್ಗುಲನ್ನೂ ನೋಡದೆ ಹೋದರೆ ಅನ್ಯಾಯವಾದೀತು. ಶ್ರೀಲಂಕಾದ ದನುಷ್ಕ ಗುಣತಿಲಕ 2022ರ ನವೆಂಬರಿನಲ್ಲಿ, ವಿಶ್ವಕಪ್ಪಿನ ನಡುವೆಯೇ, ಸಿಡ್ನಿಯಲ್ಲಿ ಬಂಧಿತನಾದದ್ದು ನನಗೆ ಚೆನ್ನಾಗಿ ನೆನಪಿತ್ತು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ ಆತನನ್ನು ನಿರ್ದೋಷಿಯೆಂದು ಬಿಟ್ಟದ್ದು ಈ ಲೇಖನಕ್ಕಾಗಿ ಹುಡುಕುವವರೆಗೂ ನನಗೆ ತಿಳಿದಿರಲಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ವೀರ ಕೋಬಿ ಬ್ರಯಂಟನ ಮೇಲೆ 2003ರಲ್ಲಿ ಬಂದ ದೂರಿನ ಗತಿ ಬೇರೆ. ದೂರು ಕೊಟ್ಟವಳಿಗೆ ಕೊಲೆಯ ಬೆದರಿಕೆಗಳು ಬಂದವು. 2004ರಲ್ಲಿ, ಆಕೆ ಸಾಕ್ಷ್ಯ ನುಡಿಯಲೊಲ್ಲೆನೆಂದ ಮೇಲೆ, ಮೊಕದ್ದಮೆ ಬಿದ್ದುಹೋಯಿತು. 2020ರ ಜನವರಿಯಲ್ಲಿ ಆತ ಅಪಘಾತದಲ್ಲಿ ತೀರಿಕೊಂಡ ದಿನ, ಹಳೆಯ ಪ್ರಕರಣದ ಲೇಖನವೊಂದನ್ನು ನೆನಪಿಸಿದ ತನ್ನ ವರದಿಗಾರ್ತಿಯನ್ನು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಕೆಲಸದಿಂದ ದೂರವಿರಿಸಿತು. ಸಹೋದ್ಯೋಗಿಗಳು ಪ್ರತಿಭಟಿಸಿದ ಬಳಿಕ ಹಿಂದಕ್ಕೆ ಕರೆಸಿಕೊಂಡಿತು. ಒಂದೆಡೆ ನಿರ್ದೋಷಿಯ ಬಿಡುಗಡೆ ಓದುಗನನ್ನು ಮುಟ್ಟಲಿಲ್ಲ, ಇನ್ನೊಂದೆಡೆ ದೂರಿನ ನೆನಪೇ ಅಪರಾಧವಾಯಿತು. ಎರಡಕ್ಕೂ ಕಾರಣ ಒಂದೇ ಎಂದು ನನಗೆ ತೋರುತ್ತದೆ: ನಾವು ಓದುವುದು ದೂರಿನ ಕಥೆಯನ್ನಲ್ಲ, ಕೀರ್ತಿವಂತನ ಏಳುಬೀಳಿನ ಕಥೆಯನ್ನು. ಬಿದ್ದ ದಿನ ಅದು ಮುಗಿಯುತ್ತದೆ. ಇಲ್ಲವೆ ಮೆರೆಯುವ ದಿನ ಅದರಲ್ಲಿ ಬೇರೆ ಮಾತಿಗೆ ಎಡೆಯಿಲ್ಲ.

ಹಾಗಾದರೆ ಪತ್ರಿಕೆ ಮಾಡಬೇಕಾದುದೇನು? ನಂಬಿಕೆ ಅಪನಂಬಿಕೆಗಳ ತಕ್ಕಡಿ ಹಿಡಿದು ಕೂಡುವುದು ಅದರ ಕೆಲಸವಲ್ಲ. ದೂರು ಕೊಟ್ಟದ್ದೇ ಒಂದು ಘಟನೆ. ಅದು ನಿಜವಾಗಿ ನಡೆದಿದೆ. ಯಾವ ಠಾಣೆ, ಯಾವ ವಿಧಿ, ಆತನ ಉತ್ತರವೇನು, ನ್ಯಾಯಾಲಯ ಮಾಡಿದ್ದೇನು, ಇಷ್ಟನ್ನು ಹೇಳಲು ‘ಎನ್ನಲಾದ’ ಎಂಬ ಊರುಗೋಲು ಬೇಡ, ‘ಕಾಮುಕ’ ಎಂಬ ದೊಣ್ಣೆಯೂ ಬೇಡ. ಆಕೆ ದೂರುದಾರೆ, ಆತ ಆರೋಪಿ. ತೀರ್ಪಿನವರೆಗೆ ಈ ಎರಡು ಸಪ್ಪೆ ಮಾತುಗಳು ಸಾಕು. ಪ್ರಕರಣ ಎಷ್ಟು ವರ್ಷ ಎಳೆದರೂ, ಮೊದಲ ದಿನ ಕೊಟ್ಟಷ್ಟೇ ಜಾಗವನ್ನು ಕೊನೆಯ ದಿನವೂ ಕೊಡಬೇಕು. ಇದು ದುಬಾರಿಯ ಕೆಲಸ. ಮುಖ್ಯ ಪುಟದಲ್ಲಿ ಬಂಧನವಿದ್ದಷ್ಟು ಬಿಡುಗಡೆ ಬಿಕರಿಯಾಗದು. ಆದರೂ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣದು.

ಇದೆಲ್ಲ ದೆಹಲಿ, ಸಿಡ್ನಿಗಳ ಮಾತಾಯಿತೆಂದು ವಾಚಕರು ತಳ್ಳಿಹಾಕಬಾರದು. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ, ಪೀಣ್ಯದ ಷೆಡ್ಡುಗಳಲ್ಲಿ, ಹತ್ತು ಮಂದಿಗಿಂತ ಕಡಿಮೆಯಿಲ್ಲದೆಡೆಯಲ್ಲೆಲ್ಲ, 2013ರ ಕಾಯಿದೆಯಂತೆ ದೂರು ಕೇಳುವ ಸಮಿತಿಯಿರಬೇಕು. ಅದರ ಫಲಕವನ್ನು ಓದುವ ಮೊದಲೇ ಅಲ್ಲಿನ ಹೆಣ್ಣುಮಕ್ಕಳು ಪತ್ರಿಕೆ ಓದಿರುತ್ತಾರೆ. ಎಲ್ಲರಿಗೂ ಬೇಕಾದ ಗಂಡಸಿನ ಮೇಲೆ ದೂರಿದವಳಿಗೆ ಏನಾಗುತ್ತದೆಂಬ ಪಾಠ ಅವರಿಗೆ ಅಲ್ಲೇ ಆಗಿರುತ್ತದೆ. ಹೊಲಿಗೆಯ ಸಾಲಿನಲ್ಲಿ ಮೇಸ್ತ್ರಿಯೇ ಎಲ್ಲರಿಗೂ ಬೇಕಾದ ಗಂಡಸು.

ಮುಂದಿನ ವಾರ ಆ ಹುಡುಗಿ ಹಾಳೆ ತುಂಬಿ ತಂದಳು: ಗಾಜಿಯಾಬಾದಿನಲ್ಲಿ ಒಬ್ಬಳು ದೂರು ಕೊಟ್ಟಳು, ದೂರು ಇಂಥದು, ಆರೋಪಿ ಅದನ್ನು ಅಲ್ಲಗಳೆದನು, ಆ ದೂರಿನಲ್ಲಿ ಬಂಧಿಸದಂತೆ ಅಲಹಾಬಾದ್ ಉಚ್ಚ ನ್ಯಾಯಾಲಯ ತಡೆ ಕೊಟ್ಟಿತು. ನಾಲ್ಕೇ ವಾಕ್ಯ. ಐದನೆಯದಾಗಿ ಆತ ಕಿತ್ತ ವಿಕೆಟ್ಟುಗಳ ಲೆಕ್ಕ ಬರೆದು, ಮೇಲೊಂದು ಗೆರೆ ಎಳೆದಿದ್ದಳು. “ಇದನ್ನ ಎಲ್ಲಿ ಸೇರಿಸಬೇಕೋ ತಿಳೀಲಿಲ್ಲ ಸಾರ್” ಎಂದಳು. ಗೆರೆಯನ್ನು ಹಾಗೇ ಇರಗೊಟ್ಟು, ಹಾಳೆಗೆ ಸಹಿ ಹಾಕಿದೆ.