ವಜ್ರಮುಷ್ಟಿಯ ಜಟ್ಟಿಗಳು

ನಮ್ಮ ಹನಗೋಡು ಸೀಮೆಯವರಿಗೆ ದಸರೆಯೆಂದರೆ ಮೊದಲು ನೆನಪಾಗುವುದು ಆನೆ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟಿತೆಂದರೆ ಹಬ್ಬ ಬಂದಂತೆಯೇ. ವಿಜಯದಶಮಿಯಂದು ಆ ಆನೆಗಳ ಮೆರವಣಿಗೆಯ ವರ್ಣನೆಯನ್ನು ರೇಡಿಯೋದ ಮುಂದೆ ಕುಳಿತು ಕೇಳುವ ನಾವು, ಅದಕ್ಕೂ ಮುನ್ನ ಅರಮನೆಯೊಳಗೆ ನಡೆಯುವ ಇನ್ನೊಂದು ವಿಧಿಯನ್ನೂ ಅರಿತಿರಬೇಕು. ಅದೇ ವಜ್ರಮುಷ್ಟಿ ಕಾಳಗ.

ಕೆಮ್ಮಣ್ಣಿನ ಅಖಾಡಕ್ಕೆ ಎರಡು ಜೋಡಿ ಜಟ್ಟಿಗಳು ಇಳಿಯುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ಇವರು. ತಲೆ ಬೋಳಿಸಿ ಪುಟ್ಟ ಜುಟ್ಟು ಬಿಟ್ಟಿರುತ್ತಾರೆ. ಬಲಗೈ ಬೆರಳುಗಳಿಗೆ ಮೊನೆಗಳುಳ್ಳ ವಜ್ರಮುಷ್ಟಿ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು. ಅದನ್ನು ಶುಭವೆಂದೆಣಿಸಿ ರಾಜವಂಶದವರು ವಿಜಯಯಾತ್ರೆಗೆ ಹೊರಡುತ್ತಾರೆ.

ಜಟ್ಟಿ ಎಂಬ ಮಾತಿನ ಮೂಲವೇನು? ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದದ ಪ್ರಕರಣವೊಂದುಂಟು. ಅಲ್ಲಿ ಮಲ್ಲರಲ್ಲಿ ಮೇಲ್ದರ್ಜೆಯವನಿಗೆ 'ಜ್ಯೇಷ್ಠಿಕ'ನೆಂದು ಹೆಸರು. ನಮ್ಮ ಜಟ್ಟಿ ಈ ಮಾತಿನ ಬಳಗದವನೇ. ಅಂಥವರಿಗೆ ಹಾಲು, ತುಪ್ಪ, ಉದ್ದು ಮೊದಲಾದ ಆಹಾರವನ್ನು ಅರಸನೇ ಒದಗಿಸಬೇಕೆಂಬ ವಿಧಿಯೂ ಇದೆ. ಎಂದರೆ ಕಾದಾಟ ಅವರ ವೃತ್ತಿ, ಅನ್ನ ಅರಸನದು. 1520ರ ಸುಮಾರಿನಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಯಸ್, ಹಲ್ಲು ಮುರಿಯುವಂಥ ಗುದ್ದಾಟವನ್ನೂ ಗೆದ್ದವರ ಮರ್ಯಾದೆ ನೋಡಿಕೊಳ್ಳುವ ತೀರ್ಪುಗಾರರನ್ನೂ ವರ್ಣಿಸಿದ್ದಾನೆ. ಮೈಸೂರು ಅರಸರು ಆ ಹಬ್ಬವನ್ನು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು.

ಪಶ್ಚಿಮದ ಮುಷ್ಟಿಯುದ್ಧದಲ್ಲಿ ಕೈಗವಸು, ಮೂರು ನಿಮಿಷದ ಸುತ್ತು, ಬಿದ್ದವನಿಗೆ ಹತ್ತು ಸೆಕೆಂಡಿನ ಎಣಿಕೆ, ಇವೆಲ್ಲ ಕ್ವೀನ್ಸ್‌ಬೆರಿಯ 1867ರ ನಿಯಮಗಳಿಂದ ನೆಲೆಗೊಂಡವು. ಅಲ್ಲಿ ವೃತ್ತಿಮಲ್ಲನು ಹಣಕ್ಕಾಗಿ, ಬಿರುದಿಗಾಗಿ ಹಲವು ವರ್ಷ ಹೋರಾಡುತ್ತಾನೆ. ಜಟ್ಟಿಯದಾದರೋ ವರ್ಷವಿಡೀ ಗರಡಿಯಲ್ಲಿ ಬೆವರಿಳಿಸಿ ಕೆಲವೇ ಕ್ಷಣಗಳಲ್ಲಿ ಮುಗಿಯುವ ಸೇವೆ. ಕಟ್ಟಕಡೆಗೆ ಉಳಿಯುವುದು ಒಂದು ಹನಿ ರಕ್ತ!

ಇನ್ನೊಂದು ವಿಶೇಷವುಂಟು. ಮೈ ನೀವುವುದು, ತಪ್ಪಿದ ಕೀಲು ಕೂರಿಸುವುದು ಜಟ್ಟಿಗಳ ಹಳೆಯ ವಿದ್ಯೆ. ಗುದ್ದುವ ಕೈಯೇ ಗುಣಪಡಿಸುವ ಕೈ.

ಅರಸೊತ್ತಿಗೆ ಹೋಯಿತು, 1971ರಲ್ಲಿ ರಾಜಧನವೂ ನಿಂತಿತು. ಇಂದಿನ ಜಟ್ಟಿ ಬೇರೆ ಉದ್ಯೋಗದಲ್ಲಿ ಅನ್ನ ಸಂಪಾದಿಸಿಕೊಂಡು ಮನೆತನದ ಮಾತನ್ನು ಉಳಿಸುತ್ತಿದ್ದಾನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ನಾವು ಹಾಸ್ಯಕ್ಕೆ ಆಡುವ ಗಾದೆ ಇವನ ಮಟ್ಟಿಗೆ ಹಾಸ್ಯವಲ್ಲ, ನಿಜ. ಮುಂದಿನ ವಿಜಯದಶಮಿಯಂದು ಆನೆಗಳ ಗಂಟೆಯ ಸದ್ದು ಕೇಳುವಾಗ ಅವನನ್ನೂ ಒಮ್ಮೆ ನೆನೆಯಿರಿ.