ಬಹಳವೆಲ್ಲ ಅತಿಯಲ್ಲ

ಶಾಲೆಯ ಮಕ್ಕಳು ಇಂಗ್ಲಿಷ್ ಪದಗಳಿಗೆ ಅರ್ಥ ಬರೆದುಕೊಳ್ಳುವಾಗ 'ಎಕ್ಸೆಸಿವ್' ಎಂಬ ಗುಣವಾಚಕದ ಮುಂದೆ 'ಬಹಳ' ಎಂದಷ್ಟೇ ಬರೆದು ಮುಂದಿನ ಪದಕ್ಕೆ ಹೋಗುವುದುಂಟು. ಪರೀಕ್ಷೆಗೆ ಅಷ್ಟು ಸಾಕೆನಿಸಬಹುದು, ಬಾಳಿಗೆ ಸಾಲದು.

ಈ ಪದದ ಮೂಲ ಲ್ಯಾಟಿನ್. ಅಲ್ಲಿ ಅದರ ಧಾತುವಿಗೆ 'ಆಚೆಗೆ ಹೋಗು, ಮೀರು' ಎಂದರ್ಥ. ಆದ್ದರಿಂದ ಇದು ಬರಿಯ ಪ್ರಮಾಣವನ್ನು ಹೇಳುವ ಮಾತಲ್ಲ. ಮೇರೆಯೊಂದು ಇತ್ತು, ಅದನ್ನು ದಾಟಲಾಯಿತು ಎಂಬ ಆಕ್ಷೇಪವೂ ಅದರಲ್ಲಿ ಅಡಗಿದೆ. 'ಎಕ್ಸೆಸಿವ್ ಸ್ಪೀಡ್', 'ಎಕ್ಸೆಸಿವ್ ರೇನ್' ಎಂದು ನಾಮಪದದ ಹಿಂದೆ ಇದನ್ನು ಬಳಸುತ್ತಾರೆ. ಗುರುಗಳ ದಯೆಯನ್ನು ಹೊಗಳಲು ಹೊರಟ ಹುಡುಗ 'ಎಕ್ಸೆಸಿವ್ ಕೈಂಡ್‌ನೆಸ್' ಎಂದು ಬರೆದರೆ ಹೊಗಳಿಕೆ ಹೋಗಿ ದೂರಾಗುತ್ತದೆ.

ಕೊಪ್ಪಳ ಸೀಮೆಯ ಮಾತಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಉಳಿದಿದೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ 9ನೆಯ ಶತಮಾನದ 'ಕವಿರಾಜಮಾರ್ಗ' ಹೆಸರಿಸುವ ಕೊಪಣವೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ಗುರುತಿಸಿದ್ದಾರೆ. 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದ ಈ ನಾಡಿನಲ್ಲಿ ಉರ್ದುವಿನ ಬಳಕೆಯೂ ಬೆರೆತಿದೆ. 'ಮಳಿ ರಗಡ ಆತು' ಎಂದರೆ ರೈತನ ಮುಖದಲ್ಲಿ ತೃಪ್ತಿ. 'ಭಾಳ ಆತು' ಎಂದರೆ ಸಂತೋಷವೋ ಸಂಕಟವೋ, ದನಿಯಿಂದಲೇ ತಿಳಿಯಬೇಕು. 'ಅತಿ ಆತು' ಎಂದರೆ ಬೆಳೆಯ ಬೇರು ಕೊಳೆಯಿತೆಂದೇ ಲೆಕ್ಕ. ಎಕ್ಸೆಸಿವ್ ಎಂಬುದಕ್ಕೆ ಸಮನಾದುದು ಈ ಕೊನೆಯ ಮಾತು.

ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರೇ ಜೀವ. ಆ ನೀರೇ ಬಸಿದುಹೋಗಲು ದಾರಿಯಿಲ್ಲದೆ ನಿಂತರೆ ನೆಲದೊಳಗಿನ ಉಪ್ಪು ಮೇಲೇರಿ ಭೂಮಿ ಸವುಳಾಗುತ್ತದೆ. ಬಹಳವು ಅತಿಯಾಗುವುದು ಹೀಗೆ.

ಒಣಭೂಮಿಯ ಕುಷ್ಟಗಿ, ಯಲಬುರ್ಗಾ ಕಡೆ ಈ ಪದ ಕುಡಿಯುವ ನೀರಿಗೇ ಅಂಟಿಕೊಂಡಿದೆ. ಅಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಶಿಲೆಗಳಿಂದ ಕರಗಿ ನೀರಿಗೆ ಸೇರುವ ಈ ಲವಣಾಂಶ ಸ್ವಲ್ಪವಿದ್ದರೆ ಹಲ್ಲಿಗೆ ಹಿತವೇ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರಿನ ಆಸರೆಯೇ ಇಲ್ಲದಲ್ಲಿ 1.5 ಮಿಲಿಗ್ರಾಂ ಕೊನೆಯ ಮೇರೆ. ಅದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಏರಿ ವರ್ಷಗಳು ಕಳೆದಂತೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಅದನ್ನು ತೆಗೆಯಲು ತಕ್ಕ ಶುದ್ಧೀಕರಣ ಯಂತ್ರವೇ ಬೇಕು, ಇಲ್ಲವೆ ನದಿಯ ಅಥವಾ ಮಳೆಯ ನೀರನ್ನು ಆಶ್ರಯಿಸಬೇಕು.

ನೀರಿನ ವರದಿಯಲ್ಲಿ 'ಎಕ್ಸೆಸಿವ್ ಫ್ಲೋರೈಡ್' ಎಂದಿರುವುದನ್ನು 'ಫ್ಲೋರೈಡ್ ಬಹಳ ಇದೆ' ಎಂದು ಓದಿ ಕಾಗದವನ್ನು ಮಡಿಸಿಟ್ಟ ಮನೆಯಲ್ಲಿ ಮರುದಿನವೂ ಅದೇ ಕೊಡ ತುಂಬುತ್ತದೆ. ಮೇರೆ ಮೀರಿದೆ ಎಂದು ಓದಿಕೊಂಡ ಮನೆಯವರು ಎಷ್ಟು ಮೀರಿದೆ, ಬೇರೆ ನೀರು ಎಲ್ಲಿ ದೊರೆತೀತು ಎಂದು ವಿಚಾರಿಸುತ್ತಾರೆ. ಮಕ್ಕಳಿಗೆ ಈ ಪದವನ್ನು ಹೇಳಿಕೊಡುವಾಗ ಅರ್ಥದ ಜೊತೆಗೆ ಈ ಪ್ರಶ್ನೆಯನ್ನೂ ಕಲಿಸಿದರೆ ಕಲಿತದ್ದು ಸಾರ್ಥಕ.