ಮೊದಲು ದೂರವೋ, ವೇಗವೋ?

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಇಬ್ಬರು ಗೆಳೆಯರು ಹೊಸದಾಗಿ ಓಟ ಆರಂಭಿಸಿದ್ದಾರೆಂದು ಭಾವಿಸಿ. ಒಬ್ಬನಿಗೆ ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿ.ಮೀ. ಓಟದಲ್ಲಿ ಒಮ್ಮೆ ಪಾಲ್ಗೊಳ್ಳುವ ಆಸೆ. ಇನ್ನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ಸಿದ್ಧನಾಗುತ್ತಿದ್ದಾನೆ. ಅಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು. ತಂಬಾಕಿನ ಹೊಲಗಳ ನಡುವಿನ ರಸ್ತೆಯಲ್ಲಿ ಇಬ್ಬರೂ ಮೊದಲ ದಿನವೇ ಶಕ್ತಿಮೀರಿ ಓಡುತ್ತಾರೆ. ಅರ್ಧ ಕಿಲೋಮೀಟರಿಗೇ ಏದುಸಿರು. ಮೂರನೆಯ ವಾರಕ್ಕೆ ಮೊಣಕಾಲಿನ ಕೆಳಗೆ ಮೂಳೆಯ ಉದ್ದಕ್ಕೂ ನೋವು. ‘ನಮಗೆ ದಮ್ಮಿಲ್ಲ’ ಎಂದು ಓಟವನ್ನೇ ಬಿಡುತ್ತಾರೆ. ದಮ್ಮಿನ ಕೊರತೆ ನಿಜ. ಆದರೆ ಅದು ಹುಟ್ಟಿನಿಂದ ಬಂದದ್ದಲ್ಲ.

ಒಂದು ಚಿಕ್ಕ ಲೆಕ್ಕ ಮಾಡಿ. ಸಮತಟ್ಟಾದ ನೆಲದಲ್ಲಿ ಓಡುವಾಗ ದೇಹತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಶಕ್ತಿ ಖರ್ಚಾಗುತ್ತದೆ. ಸ್ವಾರಸ್ಯವೆಂದರೆ, ನಿಧಾನವಾಗಿ ಓಡಿದರೂ ವೇಗವಾಗಿ ಓಡಿದರೂ ಈ ಅಂಕಿ ಹೆಚ್ಚು ಬದಲಾಗದು. ಬದಲಾಗುವುದು ಖರ್ಚಿನ ದರ. 60 ಕಿ.ಗ್ರಾಂ. ತೂಕದವನಿಗೆ 1600 ಮೀಟರಿಗೆ ಬೇಕಾದದ್ದು 96 ಕಿಲೋಕ್ಯಾಲೊರಿ. ಅದನ್ನು ಆರೂವರೆ ನಿಮಿಷದಲ್ಲಿ ಒದಗಿಸಬೇಕಾದರೆ ನಿಮಿಷಕ್ಕೆ ಸುಮಾರು 15. ಒಂದು ಲೀಟರು ಆಕ್ಸಿಜನ್‌ನಿಂದ ಸುಮಾರು 5 ಕಿಲೋಕ್ಯಾಲೊರಿ ದೊರೆಯುವುದರಿಂದ ನಿಮಿಷಕ್ಕೆ 3 ಲೀಟರು ಆಕ್ಸಿಜನ್, ಅಂದರೆ ಪ್ರತಿ ಕಿಲೋಗ್ರಾಮಿಗೆ 50 ಮಿ.ಲೀ. ಅಗತ್ಯ. ತರಬೇತಿಯಿಲ್ಲದ ಯುವಕನ ದೇಹ ಗರಿಷ್ಠವಾಗಿ ಬಳಸಬಲ್ಲದ್ದು ಸಾಮಾನ್ಯವಾಗಿ 40ರಿಂದ 45 ಮಿ.ಲೀ. ಮಾತ್ರ. ಉಳಿದದ್ದನ್ನು ಅವಾಯುವಿಕ ಕ್ರಿಯೆ ತುಂಬಿಕೊಡಬೇಕು. ಆ ಸಾಲ ಹೆಚ್ಚು ಹೊತ್ತು ಸಿಗುವುದಿಲ್ಲ. ಅದೇ ವ್ಯಕ್ತಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಓಡಿದರೆ 27 ಮಿ.ಲೀ. ಸಾಕು.

ಹಾಗಾದರೆ ಆ ಮಿತಿಯನ್ನು ಏರಿಸುವುದು ಹೇಗೆ? 1967ರಲ್ಲಿ ಅಮೆರಿಕದ ಜಾನ್ ಹೊಲೊಸ್ಜಿ ಅವರು ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾದುದನ್ನು ತೋರಿಸಿದರು. ದೀರ್ಘಕಾಲದ ಓಟದಿಂದ ಸ್ನಾಯುತಂತುಗಳ ಸುತ್ತ ಲೋಮನಾಳಗಳೂ ಹೆಚ್ಚುತ್ತವೆ; ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಪ್ರಯೋಗಾಲಯವಿಲ್ಲದೆಯೇ ಇದನ್ನು ಕಂಡುಕೊಂಡಿದ್ದರು. 800 ಮೀಟರಿನ ಓಟಗಾರನಿಗೂ ವಾರಕ್ಕೆ 160 ಕಿ.ಮೀ.ವರೆಗೆ ಓಡಿಸುತ್ತಿದ್ದರು. ಅವರ ಶಿಷ್ಯ ಪೀಟರ್ ಸ್ನೆಲ್ 1960ರ ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ ಆ ಓಟದ ಚಿನ್ನ ಗೆದ್ದರು. (160 ಕಿ.ಮೀ. ನಮಗಲ್ಲ, ಬಿಡಿ.)

ಅಧ್ಯಾಪಕರಿಗೆ ಒಂದು ಮಾತು. ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದರಿಂದಲೇ ಸ್ನಾಯುನೋವು ಎಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಓಟ ನಿಂತ ಗಂಟೆಯೊಂದರಲ್ಲಿ ರಕ್ತದ ಲ್ಯಾಕ್ಟೇಟ್ ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹೃದಯ ಅದನ್ನು ಇಂಧನವಾಗಿಯೂ ಉಪಯೋಗಿಸುತ್ತದೆ. ಮರುದಿನದ ನೋವಿಗೆ ಸ್ನಾಯುತಂತುಗಳಲ್ಲಾಗುವ ಸೂಕ್ಷ್ಮ ಹಾನಿ ಕಾರಣ.

ಇನ್ನು ಮೂಳೆಯ ನೋವು. ಹೃದಯ, ರಕ್ತ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸರಾಗವಾದೊಡನೆ ಹುರುಪಿನಿಂದ ವೇಗ ಏರಿಸುವವರು ಗಾಯಗೊಳ್ಳುವುದು ಇಲ್ಲಿಯೇ. ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ದೂರ ಏರಿಸಬಾರದೆಂಬ ನಿಯಮ ಪ್ರಸಿದ್ಧ. ಆದರೆ 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ, ಈ ನಿಯಮದಂತೆ ನಿಧಾನವಾಗಿ ಏರಿಸಿದ ಹೊಸ ಓಟಗಾರರಲ್ಲೂ, ಬೇಗ ಏರಿಸಿದವರಲ್ಲೂ ಸುಮಾರು ಶೇ. 20 ಮಂದಿ ಗಾಯಗೊಂಡರು. ಆದ್ದರಿಂದ ಶೇಕಡಾ ಲೆಕ್ಕಕ್ಕಿಂತ ನಿಮ್ಮ ಕಾಲಿನ ಮಾತಿಗೆ ಕಿವಿಗೊಡುವುದು ಮೇಲು.

ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತಾಡಬಲ್ಲಷ್ಟೇ ವೇಗ. ಉಸಿರು ಕಟ್ಟಿದರೆ ನಡೆಯಿರಿ, ನಾಚಿಕೆ ಬೇಡ. ಮುಂಜಾನೆ ಒಳ್ಳೆಯದು; ತಂಬಾಕು ಹದ ಮಾಡುವ ಕಾಲದಲ್ಲಿ ಬ್ಯಾರನ್‌ಗಳ ಹೊಗೆಯಿರುವ ದಾರಿ ಬಿಡಿ. ಅರ್ಧ ಗಂಟೆ ನಿಲ್ಲದೆ ಓಡುವುದು ಸುಲಭವಾಗಿ, ಕೆಲವು ವಾರ ನೋವಿಲ್ಲದೆ ಕಳೆದ ಮೇಲೆ ವಾರಕ್ಕೊಂದು ದಿನ ವೇಗ ಸೇರಿಸಿ. 400 ಮೀಟರು ಚುರುಕಾಗಿ, ನಡುವೆ ಎರಡು ಮೂರು ನಿಮಿಷ ನಡಿಗೆ. ಹೀಗೆ ನಾಲ್ಕು ಸಲ. ನೇಮಕಾತಿಯ ಅಭ್ಯರ್ಥಿಗೂ ಕ್ರಮ ಇದೇ. ಆದರೆ ಪರೀಕ್ಷೆಗೆ ಹಲವು ತಿಂಗಳು ಮೊದಲೇ ಆರಂಭಿಸಬೇಕು. ಎದೆನೋವು, ತಲೆಸುತ್ತು ಇದ್ದವರು ಮೊದಲು ವೈದ್ಯರನ್ನು ಕಾಣಲಿ.

ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಮಾಡಿಸಬಹುದು. ಅಳೆದ 1 ಕಿ.ಮೀ. ದೂರವನ್ನು 8 ನಿಮಿಷದಲ್ಲಿ ಓಡಿ, ನಿಂತ ಕೂಡಲೇ 15 ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ ಬರೆದಿಡಲಿ. ಎಂಟು ವಾರ ನಿಧಾನವಾಗಿ ಓಡಿದ ಬಳಿಕ ಅದೇ ದೂರವನ್ನು, ಅದೇ ವೇಗದಲ್ಲಿ, ಅದೇ ಹೊತ್ತಿನಲ್ಲಿ ಓಡಿ ಮತ್ತೆ ಎಣಿಸಲಿ. ಎರಡು ಅಂಕಿಗಳನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ.